ಇಸಿಜಿ, ಎಕೋ, ಟಿಎಂಟಿ, ಸಿಟಿ, ಆ್ಯಂಜಿಯೋ: ನಿಮ್ಮ ಎದೆಗೆ ಯಾವ ಟೆಸ್ಟ್?

"ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತದೆ. ಒಬ್ಬ ಡಾಕ್ಟರು ಟಿಎಂಟಿ ಮಾಡಿಸಿ ಅಂದರು. ಇನ್ನೊಬ್ಬರು ಸೀದಾ ಆ್ಯಂಜಿಯೋಗ್ರಾಂ ಅಂದರು. ಈಗ ಅಳಿಯ ಸಿಟಿ ಸ್ಕ್ಯಾನ್ ಸಾಕು ಅಂತಿದ್ದಾನೆ. ಯಾರ ಮಾತು ಕೇಳಲಿ?"

ಇಂಥ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕೇಳುವವರಿಗೆಲ್ಲ ಒಂದೇ ಆಸೆ: ಇದೇ ಬೆಸ್ಟ್ ಅಂತ ಒಂದು ಟೆಸ್ಟಿನ ಹೆಸರು ಹೇಳಿಬಿಡಲಿ. ಅಂಥ ಹೆಸರು ಇಲ್ಲ. ಒಬ್ಬರಿಗೆ ತುಂಬಾ ಉಪಯೋಗಕ್ಕೆ ಬರುವ ಟೆಸ್ಟ್ ಇನ್ನೊಬ್ಬರಿಗೆ ಬರೀ ತಲೆನೋವು. ಯಾಕೆ ಹೀಗೆ ಅನ್ನುವುದನ್ನು ಕಳೆದ 15–20 ವರ್ಷಗಳ ದೊಡ್ಡ ಕ್ಲಿನಿಕಲ್ ಟ್ರಯಲ್‌ಗಳು ಚೆನ್ನಾಗಿ ತೋರಿಸಿಕೊಟ್ಟಿವೆ. ಅವನ್ನು ಮುಂದಿಟ್ಟುಕೊಂಡೇ ಈ ಹೋಲಿಕೆ ಮಾಡುತ್ತೇನೆ. ನಾನು ಡಾಕ್ಟರಲ್ಲ, ಟ್ರಯಲ್ ವರದಿಗಳನ್ನು ಓದುವುದು ನನ್ನ ಕೆಲಸ. ತೀರ್ಮಾನ ನಿಮ್ಮದು ಮತ್ತು ನಿಮ್ಮ ಡಾಕ್ಟರದು.

ಶುರು ಮಾಡುವ ಮುಂಚೆ ಒಂದು ಮಾತು. ಈಗಲೇ ಎದೆ ಭಾರ, ತಣ್ಣಗೆ ಬೆವರು, ದವಡೆಗೋ ತೋಳಿಗೋ ಹರಡುವ ನೋವು, ಉಸಿರು ಸಿಗದಂತೆ ಆಗುವುದು ಇದ್ದರೆ ಇದನ್ನು ಓದುತ್ತ ಕೂರಬೇಡಿ. ಆ್ಯಂಬುಲೆನ್ಸ್ ಕರೆಸಿ. ಅಲ್ಲಿ ಯಾವ ಟೆಸ್ಟ್ ಅನ್ನುವ ಪ್ರಶ್ನೆಯೇ ಇಲ್ಲ. ಆಸ್ಪತ್ರೆಗೆ ಕಾಲಿಟ್ಟ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುತ್ತವೆ ಮಾರ್ಗಸೂಚಿಗಳು. ಜೊತೆಗೆ ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆ. ಮೊದಲ ಇಸಿಜಿ ನಾರ್ಮಲ್ ಬಂದ ಮಾತ್ರಕ್ಕೆ ಹಾರ್ಟ್ ಅಟ್ಯಾಕ್ ಇಲ್ಲ ಅಂತಲ್ಲ. ಅದಕ್ಕೇ ಒಂದೆರಡು ಗಂಟೆ, ಕೆಲವು ಸಲ ಮೂರು ಗಂಟೆ ಬಿಟ್ಟು ಟ್ರೋಪೋನಿನ್ ಮತ್ತೆ ನೋಡುತ್ತಾರೆ. "ಇಸಿಜಿ ಸರಿ ಇದೆಯಲ್ಲ, ಮನೆಗೆ ಹೋಗೋಣ" ಅಂತ ಎದ್ದು ಬರಬೇಡಿ.

ಮುಂದಿನದೆಲ್ಲ ತೊಂದರೆ ಆಗಾಗ ಬಂದುಹೋಗುವ, ಯೋಚಿಸಲು ನಾಲ್ಕು ದಿನ ಸಮಯ ಇರುವವರಿಗೆ.

ಯಾವ ಅಳತೆಗೋಲಿನಿಂದ ಅಳೆಯಬೇಕು?

ಮೊದಲನೆಯದು, ನಿಮ್ಮ ಪ್ರಶ್ನೆ ಏನು? ಹೃದಯದಲ್ಲಿ ಕೆಡುವುದು ಮೂರು ಬಗೆ. ಪಂಪು ಕೆಡಬಹುದು: ಮಾಂಸಖಂಡ, ಕವಾಟ. ಪೈಪು ಕಟ್ಟಬಹುದು: ಹೃದಯಕ್ಕೇ ರಕ್ತ ಕೊಡುವ ರಕ್ತನಾಳಗಳು. ವೈರಿಂಗ್ ತಪ್ಪಬಹುದು: ಬಡಿತದ ಲಯ. ಪಂಪು ನೋಡುವ ಟೆಸ್ಟ್ ಪೈಪಿನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಇದೊಂದು ಗೊತ್ತಿದ್ದರೆ ಅರ್ಧ ಗೊಂದಲ ಕಮ್ಮಿಯಾಗುತ್ತದೆ.

ಎರಡನೆಯದು, ಟೆಸ್ಟಿಗೆ ಮುಂಚೆಯೇ ನಿಮಗೆ ಕಾಯಿಲೆ ಇರುವ ಸಂಭವ ಎಷ್ಟು? ವಯಸ್ಸು, ಬಿಪಿ, ಶುಗರ್, ಸಿಗರೇಟು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿತ್ತಾ, ನೋವು ನಡೆದಾಗ ಬಂದು ನಿಂತಾಗ ಹೋಗುತ್ತದಾ: ಇಷ್ಟನ್ನು ಕೂರಿಸಿ ಕೇಳಿದರೆ ಒಳ್ಳೆಯ ಡಾಕ್ಟರಿಗೆ ಒಂದು ಅಂದಾಜು ಸಿಗುತ್ತದೆ. 1979ರಲ್ಲಿ ಡೈಮಂಡ್ ಮತ್ತು ಫಾರೆಸ್ಟರ್ ಅನ್ನುವ ಇಬ್ಬರು ವಯಸ್ಸು, ಲಿಂಗ, ನೋವಿನ ಬಗೆ ಇಟ್ಟುಕೊಂಡು ಈ ಅಂದಾಜಿಗೆ ಒಂದು ಲೆಕ್ಕವನ್ನೇ ಕೊಟ್ಟರು. ಅಂಕಿಗಳು ಆಮೇಲೆ ಬದಲಾದವು, ಯೋಚನೆ ಇವತ್ತಿಗೂ ಅದೇ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ರಿಸಲ್ಟ್ ಬಂದ ಮೇಲೆ ಏನು ಬದಲಾಗುತ್ತದೆ? ಪಾಸಿಟಿವ್ ಬಂದರೂ ಅದೇ ಮಾತ್ರೆ, ನೆಗೆಟಿವ್ ಬಂದರೂ ಅದೇ ಮಾತ್ರೆ ಅಂದರೆ ಆ ಟೆಸ್ಟ್ ಯಾಕೆ?

ಆಮೇಲೆ ಉಳಿದವು: ಮೈಮೇಲೆ ಬೀಳುವ ಹೊರೆ (ಸೂಜಿ, ಬಣ್ಣದ ದ್ರವ, ವಿಕಿರಣ), ಜೇಬಿನ ಹೊರೆ, ಆ ಟೆಸ್ಟನ್ನು ಮಾಡಿ ಓದುವವರ ಕೈ ಎಷ್ಟು ಪಳಗಿದೆ ಅನ್ನುವುದು. ಕೊನೆಯದನ್ನು ಯಾರೂ ಕೇಳುವುದಿಲ್ಲ. ಕೇಳಬೇಕು.

ಇಸಿಜಿ ಮತ್ತು ಎಕೋ: ಇಬ್ಬರೂ ಬೇಕು, ಇಬ್ಬರೂ ಸಾಲದು

ಇಸಿಜಿ ಎಲ್ಲಕ್ಕಿಂತ ಅಗ್ಗ, ಐದು ನಿಮಿಷದ ಕೆಲಸ, ನೋವಿಲ್ಲ. ಡಚ್ ವಿಜ್ಞಾನಿ ಐಂಥೋವನ್ ಇದನ್ನು ಕಂಡುಹಿಡಿದ ಕಾಲಕ್ಕೆ ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿ ಕೂರಬೇಕಿತ್ತು. ಅವರಿಗೆ 1924ರಲ್ಲಿ ನೊಬೆಲ್ ಬಂತು. ಈಗ ಹತ್ತು ಸ್ಟಿಕ್ಕರ್ ಅಂಟಿಸಿದರೆ ಮುಗಿಯಿತು. ವೈರಿಂಗ್ ವಿಚಾರಕ್ಕೆ, ಹಳೆಯ ಹಾರ್ಟ್ ಅಟ್ಯಾಕಿನ ಗುರುತಿಗೆ ಒಳ್ಳೆಯದು. ಆದರೆ ಅದು ತೆಗೆಯುವುದು ಹತ್ತು ಸೆಕೆಂಡಿನ ಚಿತ್ರ, ಅದೂ ನೀವು ಆರಾಮವಾಗಿ ಮಲಗಿರುವಾಗ. ಪೈಪಿನಲ್ಲಿ ದೊಡ್ಡ ಬ್ಲಾಕ್ ಇದ್ದರೂ ಮಲಗಿದಾಗ ಇಸಿಜಿ ಪೂರ್ತಿ ನಾರ್ಮಲ್ ಬರಬಹುದು.

ಎಕೋ ಅಂದರೆ ಶಬ್ದದ ಅಲೆಯಿಂದ ತೆಗೆಯುವ ಚಿತ್ರ. ವಿಕಿರಣ ಇಲ್ಲ, ಸೂಜಿ ಇಲ್ಲ. ಪಂಪು ನೋಡಲು ಇದಕ್ಕಿಂತ ಅನುಕೂಲದ ಟೆಸ್ಟ್ ಇಲ್ಲ. ಕವಾಟ ಸೋರುತ್ತಿದೆಯೋ, ಗೋಡೆ ದಪ್ಪವಾಗಿದೆಯೋ, ಒಂದು ಬಡಿತಕ್ಕೆ ಎಷ್ಟು ಶೇಕಡಾ ರಕ್ತ ಹೊರಹೋಗುತ್ತಿದೆಯೋ ಎಲ್ಲ ಕಾಣುತ್ತದೆ. ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುವವರಿಗೆ ಟಿಎಂಟಿ (ಓಡುವ ಬೆಲ್ಟಿನ ಮೇಲೆ ನಡೆಸಿ ತೆಗೆಯುವ ಇಸಿಜಿ) ಅಲ್ಲ, ಮೊದಲು ಎಕೋ ಬೇಕು. ಅದಕ್ಕೂ ಮುಂಚೆ ಒಂದು ರಕ್ತಪರೀಕ್ಷೆ ಇದೆ, ಎನ್‌ಟಿ-ಪ್ರೊಬಿಎನ್‌ಪಿ ಅಂತ. ಹೊರರೋಗಿಯಾಗಿ ಬಂದವರಲ್ಲಿ ಅದು 125ಕ್ಕಿಂತ ಕಮ್ಮಿ ಇದ್ದರೆ ಹಾರ್ಟ್ ಫೇಲ್ಯೂರ್ ಸಂಭವ ತೀರಾ ಕಡಿಮೆ. (ದಪ್ಪ ಇರುವವರಲ್ಲಿ ಈ ಅಂಕಿ ಸ್ವಲ್ಪ ಕೆಳಗೇ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು.)

ನಾನು ಅತಿ ಜಾಸ್ತಿ ಕೇಳುವ ತಪ್ಪು ಮಾತು: "ಎಕೋ ನಾರ್ಮಲ್ ಬಂತು, ಬ್ಲಾಕ್ ಇಲ್ಲ." ಹಾಗಲ್ಲ. ಸುಮ್ಮನೆ ಮಲಗಿರುವಾಗ ತೆಗೆದ ಎಕೋದಲ್ಲಿ ಪೈಪು ಕಾಣುವುದೇ ಇಲ್ಲ ಅನ್ನಬಹುದು. ಇನ್ನೊಂದು: ಒಂದೇ ಹೃದಯವನ್ನು ಇಬ್ಬರು ಅಳೆದರೆ ಪಂಪಿಂಗ್ ಶೇಕಡಾ ನಾಲ್ಕೈದು ಅಂಕಿ ಅತ್ತಿತ್ತ ಆಗುವುದು ಸಾಮಾನ್ಯ. ಹೋದ ವರ್ಷ 60 ಇತ್ತು, ಈಗ 56 ಅಂತ ನಿದ್ದೆಗೆಡಬೇಡಿ.

ಟಿಎಂಟಿ: ಅಗ್ಗ, ಸುಲಭ, ಕೆಲವರಿಗೆ ಮೋಸ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಗೊಂದಲ ಶುರುವಾಗುವುದೇ ಇಲ್ಲಿ.

ಎದೆಗೆ ವೈರ್ ಅಂಟಿಸಿ, ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಓಡುವ ಬೆಲ್ಟಿನ ಮೇಲೆ ನಿಲ್ಲಿಸುತ್ತಾರೆ. 1960ರ ದಶಕದಲ್ಲಿ ರಾಬರ್ಟ್ ಬ್ರೂಸ್ ಹಾಕಿಕೊಟ್ಟ ಕ್ರಮವೇ ಇವತ್ತಿಗೂ ಹೆಚ್ಚು ಕಡೆ ನಡೆಯುತ್ತಿದೆ. ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ, ಶೇ. 10 ಏರು. ಆಮೇಲೆ ಪ್ರತಿ ಮೂರು ನಿಮಿಷಕ್ಕೆ ವೇಗವೂ ಜಾಸ್ತಿ, ಏರೂ ಜಾಸ್ತಿ. ಮೊದಲ ಹಂತದಲ್ಲಿ ಇದೇನು ಮಹಾ ಅನ್ನಿಸುತ್ತದೆ. ಮೂರನೆಯ ಹಂತಕ್ಕೆ ಬಂದಾಗ ಮಾತು ನಿಲ್ಲುತ್ತದೆ. ನಾಲ್ಕನೆಯದಕ್ಕೆ ಬೆಲ್ಟು ಕಾಲಡಿಯಿಂದ ಎಳೆದುಕೊಂಡು ಹೋಗುತ್ತಿದೆ ಅನ್ನಿಸಿ ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿಯುತ್ತೀರಿ. ಟೆಕ್ನಿಷಿಯನ್ "ಕಂಬಿಗೆ ಭಾರ ಬಿಡಬೇಡಿ" ಅನ್ನುತ್ತಾರೆ. ಭಾರ ಬಿಟ್ಟರೆ ಹೃದಯಕ್ಕೆ ಕೆಲಸ ಕಮ್ಮಿಯಾಗಿ ಲೆಕ್ಕ ತಪ್ಪುತ್ತದೆ. ಸಾಮಾನ್ಯವಾಗಿ 220ರಿಂದ ವಯಸ್ಸು ಕಳೆದು, ಅದರ ಶೇ. 85ರಷ್ಟು ಬಡಿತ ಮುಟ್ಟಬೇಕು ಅನ್ನುವುದು ಗುರಿ.

ಈಗ ಲೆಕ್ಕ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ನಿಜವಾಗಿ ಬ್ಲಾಕ್ ಇರುವ 100 ಜನರಲ್ಲಿ ಟಿಎಂಟಿ ಸುಮಾರು 68 ಜನರನ್ನು ಹಿಡಿಯುತ್ತದೆ. ಬ್ಲಾಕ್ ಇಲ್ಲದ 100 ಜನರಲ್ಲಿ ಸುಮಾರು 77 ಜನರಿಗೆ ಸರಿಯಾಗಿ ನೆಗೆಟಿವ್ ಅನ್ನುತ್ತದೆ. ಪರವಾಗಿಲ್ಲವಲ್ಲ ಅನ್ನಿಸುತ್ತದೆ, ಅಲ್ವಾ? ಇದನ್ನೇ ಎರಡು ಗುಂಪಿಗೆ ಹಾಕಿ ನೋಡಿ.

ಮೊದಲ ಗುಂಪು: 100 ಜನ, ಕಾಯಿಲೆ ಇರುವುದು 10 ಜನರಿಗೆ ಮಾತ್ರ. ಟಿಎಂಟಿ ಆ ಹತ್ತರಲ್ಲಿ 7 ಜನರನ್ನು ಹಿಡಿಯುತ್ತದೆ. ಉಳಿದ 90 ಆರೋಗ್ಯವಂತರಲ್ಲಿ ಸುಮಾರು 21 ಜನರಿಗೂ ಪಾಸಿಟಿವ್ ಅಂತ ಬರೆದುಕೊಡುತ್ತದೆ. ಅಂದರೆ ಪಾಸಿಟಿವ್ ಕಾಗದ ಹಿಡಿದು ಹೊರಬಂದ 28 ಜನರಲ್ಲಿ 21 ಜನರಿಗೆ ಏನೂ ಇಲ್ಲ.

ಎರಡನೆಯ ಗುಂಪು: 100ರಲ್ಲಿ 90 ಜನರಿಗೆ ಕಾಯಿಲೆ ಇದೆ. ಟಿಎಂಟಿ 61 ಜನರನ್ನು ಹಿಡಿಯುತ್ತದೆ, 29 ಜನರನ್ನು ಬಿಡುತ್ತದೆ. ಕಾಯಿಲೆ ಇಲ್ಲದ ಹತ್ತರಲ್ಲಿ ಸುಮಾರು 8 ಜನರಿಗೆ ನೆಗೆಟಿವ್. ಒಟ್ಟು ನೆಗೆಟಿವ್ ಬಂದ 37 ಜನರಲ್ಲಿ 29 ಜನ ರೋಗಿಗಳೇ.

ಅದೇ ಬೆಲ್ಟು, ಅದೇ ಮಿಷನ್ನು. ಸಂಭವ ತೀರಾ ಕಮ್ಮಿ ಇದ್ದವರಿಗೆ ಪಾಸಿಟಿವ್ ನಂಬುವ ಹಾಗಿಲ್ಲ, ತೀರಾ ಜಾಸ್ತಿ ಇದ್ದವರಿಗೆ ನೆಗೆಟಿವ್ ನಂಬುವ ಹಾಗಿಲ್ಲ. ಎರಡನೆಯ ಅಳತೆಗೋಲು ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ.

ನಮ್ಮ ಚಿಕ್ಕಪ್ಪನಿಗೆ ಆಗಿದ್ದು ಇದೇ. ಎದೆನೋವಿಲ್ಲ, ಏನಿಲ್ಲ, ಸುಮ್ನೆ ಒಂದು ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಟಿಎಂಟಿಯೂ ಇತ್ತು. ಪಾಸಿಟಿವ್ ಬಂತು. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. "ನಂಗೇನೂ ಆಗಿಲ್ಲ ಕಣೋ, ನಿಮ್ಮ ಮುಖ ನೋಡಿದ್ರೇ ಎದೆ ಹೊಡ್ಕೊಳ್ತದೆ" ಅಂತ ಬೈದರು. ಸಿಟಿಯಲ್ಲಿ ನೋಡಿದರೆ ಪೈಪುಗಳೆಲ್ಲ ಸ್ವಚ್ಛ. ಎಲ್ಲರೂ ಟೆಸ್ಟಿಗೆ ಥ್ಯಾಂಕ್ಸ್ ಹೇಳಿದರು. ನನಗೆ ಮಾತ್ರ ಮೊದಲನೆಯದನ್ನು ಮಾಡಿಸಿದ್ದೇ ಯಾಕೆ ಅಂತ ಸಿಟ್ಟು. ಅಮೆರಿಕದ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ ಅನ್ನುವ ತಜ್ಞರ ಸಮಿತಿ 2018ರಲ್ಲೇ ಹೇಳಿದೆ: ಲಕ್ಷಣವಿಲ್ಲದ, ಅಪಾಯ ಕಡಿಮೆ ಇರುವ ದೊಡ್ಡವರಿಗೆ ತಪಾಸಣೆಗಂತ ಇಸಿಜಿಯಾಗಲಿ, ವ್ಯಾಯಾಮದ ಇಸಿಜಿಯಾಗಲಿ (ಅಂದರೆ ಟಿಎಂಟಿ) ಬೇಡ.

ಹಾಗಂತ ಟಿಎಂಟಿಯನ್ನು ಬಿಸಾಡಬೇಕಾಗಿಲ್ಲ. ಸಂಭವ ಮಧ್ಯದಲ್ಲಿರುವವರಿಗೆ, ಚೆನ್ನಾಗಿ ನಡೆಯಬಲ್ಲವರಿಗೆ, ಇಸಿಜಿ ಮೊದಲೇ ಕೆಟ್ಟಿಲ್ಲದವರಿಗೆ ಇದು ಕಡಿಮೆ ಖರ್ಚಿನ ಒಳ್ಳೆಯ ದಾರಿ. 824 ಮಹಿಳೆಯರ ಮೇಲೆ ನಡೆದ ವಿಮೆನ್ ಟ್ರಯಲ್ (2011) ಇದಕ್ಕೆ ಒಳ್ಳೆಯ ಉದಾಹರಣೆ. ವ್ಯಾಯಾಮ ಮಾಡಬಲ್ಲವರಿಗೆ ಟಿಎಂಟಿಯಿಂದ ಶುರು ಮಾಡಿದರೂ, ದುಬಾರಿ ನ್ಯೂಕ್ಲಿಯರ್ ಸ್ಕ್ಯಾನಿನಿಂದ ಶುರು ಮಾಡಿದರೂ ಎರಡು ವರ್ಷದ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಇನ್ನೊಂದು ಲಾಭ: ಎಷ್ಟು ಹೊತ್ತು ಓಡಿದಿರಿ ಅನ್ನುವುದೇ ದೊಡ್ಡ ಸುದ್ದಿ. ರಿಪೋರ್ಟಿನ ಕೊನೆಯ ಸಾಲು ಮಾತ್ರ ನೋಡಬೇಡಿ. ಹತ್ತು ಹನ್ನೊಂದು ನಿಮಿಷ ನೋವಿಲ್ಲದೆ ಓಡಿದವರ ಮುಂದಿನ ವರ್ಷಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಮೂರು ನಿಮಿಷಕ್ಕೇ ನೋವು ಬಂದು ನಿಲ್ಲಿಸಿದವರ ಕಥೆ ಬೇರೆ.

ಮಂಡಿನೋವಿನವರಿಗೆ, ಪೇಸ್‌ಮೇಕರ್ ಇರುವವರಿಗೆ, ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಇದು ಪೈಪಿನ ಬ್ಲಾಕ್ ಅಲ್ಲ, ವೈರಿಂಗಿನದು) ಇರುವವರಿಗೆ ಈ ಟೆಸ್ಟ್ ದಂಡ.

ಒತ್ತಡದ ಜೊತೆ ಚಿತ್ರ: ಸ್ಟ್ರೆಸ್ ಎಕೋ, ನ್ಯೂಕ್ಲಿಯರ್

ಟಿಎಂಟಿಯಲ್ಲಿ ಗೆರೆ ಮಾತ್ರ, ಇಲ್ಲಿ ಚಿತ್ರವೂ ಸಿಗುತ್ತದೆ. ಓಡಲಾಗದವರಿಗೆ ಹೃದಯವನ್ನು ಓಡಿಸಲು ಔಷಧಿ ಕೊಡುತ್ತಾರೆ. ಸ್ಟ್ರೆಸ್ ಎಕೋದಲ್ಲಿ ವಿಕಿರಣ ಇಲ್ಲ, ಆದರೆ ಓದುವವರ ಕಣ್ಣಿನ ಮೇಲೆ ಎಲ್ಲ ನಿಂತಿದೆ. ಗೋಡೆಯ ಒಂದು ತುಣುಕು ಉಳಿದವುಗಳಿಗಿಂತ ಸ್ವಲ್ಪ ಮಂಕಾಗಿ ಆಡುತ್ತಿದೆ ಅಂತ ಗುರುತಿಸುವುದು ಸುಲಭವಲ್ಲ. ಆ ಜಾಗದಲ್ಲಿ ತಿಂಗಳಿಗೆ ಎಷ್ಟು ಮಾಡುತ್ತಾರೆ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಜನ ಥ್ಯಾಲಿಯಂ ಟೆಸ್ಟ್ ಅನ್ನುವ ನ್ಯೂಕ್ಲಿಯರ್ ಸ್ಕ್ಯಾನಿನಲ್ಲಿ (ಈಗ ಹೆಚ್ಚಾಗಿ ಟೆಕ್ನೀಷಿಯಂ ಬಳಸುತ್ತಾರೆ) ಮಾಂಸಖಂಡದ ಯಾವ ಭಾಗಕ್ಕೆ ರಕ್ತ ಕಮ್ಮಿ ಹೋಗುತ್ತಿದೆ ಅಂತ ಕಾಣುತ್ತದೆ. ವಿಕಿರಣ ಸುಮಾರು 10 ಮಿಲಿಸೀವರ್ಟ್. ಪ್ರಕೃತಿಯಿಂದಲೇ ವರ್ಷಕ್ಕೆ ನಮ್ಮ ಮೈಗೆ ಸರಾಸರಿ 2.4 ಬೀಳುತ್ತದೆ, ಹೋಲಿಸಿ ನೋಡಿ. ದೊಡ್ಡ ಎದೆಯ ಹೆಂಗಸರಲ್ಲಿ, ದಪ್ಪಗಿರುವವರಲ್ಲಿ ಚಿತ್ರ ಮಸುಕಾಗಿ ಇಲ್ಲದ ತೊಂದರೆ ಕಾಣಬಹುದು. ಔಷಧಿ ಕೊಟ್ಟು ಮಾಡುವುದಾದರೆ ಹಿಂದಿನ ದಿನದಿಂದ ಕಾಫಿ, ಟೀ ಬಿಡಿ ಅನ್ನುತ್ತಾರೆ. ಅದು ಬರೀ ಶಾಸ್ತ್ರವಲ್ಲ. ಕೆಫೀನ್ ಆ ಔಷಧಿಯ ಕೆಲಸವನ್ನೇ ತಡೆಯುತ್ತದೆ, ಟೆಸ್ಟ್ ಸುಳ್ಳು ಹೇಳುತ್ತದೆ.

ಈ ಎರಡು ಟೆಸ್ಟ್‌ಗಳ ನಿಜವಾದ ಜಾಗ: ಬ್ಲಾಕ್ ಇದೆ ಅಂತ ಮೊದಲೇ ಗೊತ್ತಿರುವವರು, ಸ್ಟೆಂಟ್ ಅಥವಾ ಬೈಪಾಸ್ ಆದವರು. ಅವರ ಪ್ರಶ್ನೆ "ಬ್ಲಾಕ್ ಇದೆಯಾ?" ಅಲ್ಲ. "ಇರುವ ಬ್ಲಾಕ್ ತೊಂದರೆ ಕೊಡುತ್ತಿದೆಯಾ?" ಅನ್ನುವುದು.

ಸಿಟಿ ಆ್ಯಂಜಿಯೋ: ಇಲ್ಲ ಅನ್ನಲು ಇದರಷ್ಟು ಗಟ್ಟಿ ಬೇರೆ ಇಲ್ಲ

ಹೋದ ಹತ್ತು ವರ್ಷದಲ್ಲಿ ಆಟ ಬದಲಿಸಿದ್ದು ಇದೇ. ಕೈಯ ನರಕ್ಕೆ ಸೂಜಿ, ಅದರಲ್ಲಿ ಅಯೋಡಿನ್ ಇರುವ ಬಣ್ಣದ ದ್ರವ, ಕೆಲವು ಸೆಕೆಂಡು ಉಸಿರು ಹಿಡಿ, ಮುಗಿಯಿತು. ದ್ರವ ಒಳಗೆ ಹೋದಾಗ ಗಂಟಲಿನಿಂದ ಹೊಟ್ಟೆಯ ಕೆಳಗಿನವರೆಗೆ ಬಿಸಿ ಅಲೆ ಇಳಿದ ಹಾಗಾಗುತ್ತದೆ, ಮೂತ್ರ ಹೋಯಿತೇನೋ ಅನ್ನುವಷ್ಟು. ಹೋಗಿರುವುದಿಲ್ಲ, ಗಾಬರಿ ಬೇಡ.

ಬಡಿತ ನಿಮಿಷಕ್ಕೆ 60ರ ಆಸುಪಾಸು ಇದ್ದರೆ ಚಿತ್ರ ಚೆನ್ನಾಗಿ ಬರುತ್ತದೆ. ಅದಕ್ಕೇ ಬಡಿತ ಇಳಿಸುವ ಮಾತ್ರೆ ಕೊಡುತ್ತಾರೆ. ರಕ್ತನಾಳ ಅಗಲವಾಗಲಿ ಅಂತ ನಾಲಿಗೆಯ ಕೆಳಗೆ ನೈಟ್ರೋಗ್ಲಿಸರಿನ್ ಇಡುತ್ತಾರೆ. ಲೈಂಗಿಕ ಶಕ್ತಿಗೆ ಅಂತ ಸಿಲ್ಡೆನಾಫಿಲ್ ತರದ ಮಾತ್ರೆ ತಗೊಂಡಿದ್ದರೆ ನಾಚಿಕೆ ಪಡದೆ ಮೊದಲೇ ಹೇಳಿಬಿಡಿ. ಎರಡೂ ಸೇರಿದರೆ ಬಿಪಿ ಕುಸಿದು ಬೀಳುತ್ತದೆ.

ಈಗ ಟ್ರಯಲ್‌ಗಳು. 2015ರಲ್ಲಿ ಪ್ರಾಮಿಸ್ ಟ್ರಯಲ್ ಬಂತು: 10,003 ಜನ, ಅರ್ಧ ಜನರಿಗೆ ಸಿಟಿ, ಅರ್ಧ ಜನರಿಗೆ ಒತ್ತಡದ ಟೆಸ್ಟ್‌ಗಳು (ಟಿಎಂಟಿ, ಸ್ಟ್ರೆಸ್ ಎಕೋ, ನ್ಯೂಕ್ಲಿಯರ್). ಎರಡು ವರ್ಷ ಚಿಲ್ಲರೆ ನೋಡಿದಾಗ ಸಾವು, ಹಾರ್ಟ್ ಅಟ್ಯಾಕ್ ಮುಂತಾದವು ಒಂದು ಕಡೆ ಶೇ. 3.3, ಇನ್ನೊಂದು ಕಡೆ ಶೇ. 3.0. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಸಿಟಿ ಮಾಡಿಸಿದವರಲ್ಲಿ ಸುಮ್ಮನೆ ಆ್ಯಂಜಿಯೋಗ್ರಾಂಗೆ ಹೋಗಿ ಏನೂ ಸಿಗದೆ ಬಂದವರು ಮಾತ್ರ ಸ್ವಲ್ಪ ಕಡಿಮೆ.

ಅದೇ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಸ್ಕಾಟ್-ಹಾರ್ಟ್ ನಡೆಯಿತು, 4,146 ಜನ. ಐದು ವರ್ಷದ ಫಲಿತಾಂಶ 2018ರಲ್ಲಿ ಬಂತು. ಮಾಮೂಲಿ ಆರೈಕೆಯ ಜೊತೆ ಸಿಟಿಯೂ ಆದವರಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಹೃದಯದ ಕಾಯಿಲೆಯ ಸಾವು ಶೇ. 2.3, ಮಾಮೂಲಿ ಆರೈಕೆ ಮಾತ್ರ ಪಡೆದವರಲ್ಲಿ ಶೇ. 3.9. ಮಜಾ ಏನೆಂದರೆ ಎರಡೂ ಕಡೆ ಸ್ಟೆಂಟು, ಬೈಪಾಸು ಹೆಚ್ಚುಕಡಿಮೆ ಅಷ್ಟೇ ಆದವು. ಹಾಗಾದರೆ ಲಾಭ ಎಲ್ಲಿಂದ ಬಂತು? ಸಿಟಿಯಲ್ಲಿ ಇನ್ನೂ ಬ್ಲಾಕ್ ಆಗದ, ಗೋಡೆಗೆ ಕೊಬ್ಬು ಹತ್ತುತ್ತಿರುವ ಹಂತವೂ ಕಾಣುತ್ತದೆ. ಅದನ್ನು ನೋಡಿದ ಡಾಕ್ಟರು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ), ಆಸ್ಪಿರಿನ್ ಜಾಸ್ತಿ ಬರೆದರು. ಟೆಸ್ಟ್ ಯಾರನ್ನೂ ವಾಸಿ ಮಾಡಲಿಲ್ಲ. ಟೆಸ್ಟ್ ನೋಡಿ ಶುರುವಾದ ಮಾತ್ರೆಗಳು ಕೆಲಸ ಮಾಡಿದವು. ನನ್ನ ಮೂರನೆಯ ಅಳತೆಗೋಲಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಸಿಟಿ ಯಾರಿಗೆ ಹೊಂದುವುದಿಲ್ಲ? ಕಿಡ್ನಿ ಸೋತವರು (ಕಿಡ್ನಿಯ ರಕ್ತಪರೀಕ್ಷೆ ಕ್ರಿಯಾಟಿನಿನ್ ನೋಡದೆ ಒಪ್ಪಬೇಡಿ), ಆ ದ್ರವಕ್ಕೆ ಅಲರ್ಜಿ ಇರುವವರು, ಬಡಿತ ತಾಳ ತಪ್ಪಿ ಓಡುವವರು, ಗರ್ಭಿಣಿಯರು. ರಕ್ತನಾಳದಲ್ಲಿ ಸುಣ್ಣ ಜಾಸ್ತಿ ಕಟ್ಟಿದ್ದರೆ ಚಿತ್ರದಲ್ಲಿ ಅದು ಬೆಳ್ಳಗೆ ಹರಡಿಕೊಂಡು ಬ್ಲಾಕನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ಸಣ್ಣ ಸ್ಟೆಂಟಿನ ಒಳಗೂ ಸರಿಯಾಗಿ ಕಾಣುವುದಿಲ್ಲ. ವಿಕಿರಣ ಹೊಸ ಮಿಷನ್ನುಗಳಲ್ಲಿ 5 ಮಿಲಿಸೀವರ್ಟ್‌ಗಿಂತ ಕಮ್ಮಿ ಇರಬಹುದು, ಹಳೆಯದರಲ್ಲಿ ಎರಡು ಮೂರು ಪಟ್ಟು. ಮಿಷನ್ ಯಾವ ಕಾಲದ್ದು ಅಂತ ಕೇಳಿ.

ಇದರ ತಮ್ಮ ಒಬ್ಬನಿದ್ದಾನೆ: ಕ್ಯಾಲ್ಸಿಯಂ ಸ್ಕೋರ್, ಹೃದಯದ ರಕ್ತನಾಳಕ್ಕೆ ಕಟ್ಟಿದ ಸುಣ್ಣವನ್ನು ಮಾತ್ರ ಅಳೆಯುವ ಸಿಟಿ. ದ್ರವ ಇಲ್ಲ, ಸೂಜಿ ಇಲ್ಲ, ವಿಕಿರಣ ಸುಮಾರು 1 ಮಿಲಿಸೀವರ್ಟ್, ಖರ್ಚೂ ಕಡಿಮೆ. 1990ರಲ್ಲಿ ಆಗಾಟ್‌ಸ್ಟನ್ ಕೊಟ್ಟ ಲೆಕ್ಕದಲ್ಲಿ ಸೊನ್ನೆಯಿಂದ ಶುರುವಾಗಿ ಸಾವಿರ ದಾಟಬಹುದು. 400 ದಾಟಿದರೆ ಜಾಸ್ತಿ ಅಂತ ಲೆಕ್ಕ. ಇದು ಎದೆನೋವಿನವರಿಗಲ್ಲ. ನೋವಿಲ್ಲದ ಮಧ್ಯವಯಸ್ಸಿನವರು, ಕೊಲೆಸ್ಟ್ರಾಲ್ ಗಡಿಯಲ್ಲಿದೆ, ಸ್ಟ್ಯಾಟಿನ್ ತಗೊಳ್ಳಲೋ ಬೇಡವೋ ಅಂತ ತೂಗುತ್ತಿರುವವರಿಗೆ ಇದು. ಸೊನ್ನೆ ಬಂದರೆ ಮಾತ್ರೆ ಸ್ವಲ್ಪ ಮುಂದೂಡಬಹುದು, ಸಿಗರೇಟು ಶುಗರ್ ಇಲ್ಲದಿದ್ದರೆ. ಆದರೆ 35ರ ವಯಸ್ಸಿನವರಿಗೆ ನೋವಿದ್ದು ಸ್ಕೋರ್ ಸೊನ್ನೆ ಬಂದರೆ ನಿಶ್ಚಿಂತೆ ಬೇಡ. ಮೆತ್ತಗಿನ ಕೊಬ್ಬಿಗೆ ಸುಣ್ಣ ಇನ್ನೂ ಕಟ್ಟಿರುವುದಿಲ್ಲ. ಇನ್ನು ಸ್ಟ್ಯಾಟಿನ್ ಶುರು ಮಾಡಿದ ಮೇಲೆ ಸ್ಕೋರ್ ಇಳಿದಿದೆಯಾ ಅಂತ ವರ್ಷ ವರ್ಷ ನೋಡುವುದು ವ್ಯರ್ಥ. ಸ್ಟ್ಯಾಟಿನ್ ಕೊಬ್ಬನ್ನು ಗಟ್ಟಿ ಮಾಡುತ್ತದೆ, ಸ್ಕೋರ್ ಏರಲೂಬಹುದು.

ಆ್ಯಂಜಿಯೋಗ್ರಾಂ: ಕೊನೆಯ ಮಾತು, ಮೊದಲ ಮಾತಲ್ಲ

1958ರಲ್ಲಿ ಕ್ಲೀವ್‌ಲೆಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಅನ್ನುವ ಹೃದಯತಜ್ಞ ಬೇರೇನೋ ಚಿತ್ರ ತೆಗೆಯುತ್ತಿದ್ದಾಗ ನಳಿಕೆ ಜಾರಿ ಬಲಗಡೆಯ ಹೃದಯ ರಕ್ತನಾಳಕ್ಕೆ ಹೋಗಿ, ದ್ರವ ಅಲ್ಲೇ ಸುರಿಯಿತು. ರೋಗಿ ಸತ್ತೇ ಹೋದರು ಅಂದುಕೊಂಡರಂತೆ. ಬದುಕಿದರು. ಅಲ್ಲಿಂದ ಈ ಟೆಸ್ಟ್ ಹುಟ್ಟಿತು. ಈಗ ನಳಿಕೆಯನ್ನು ಹೆಚ್ಚಾಗಿ ಮಣಿಕಟ್ಟಿನ ರಕ್ತನಾಳದಿಂದಲೇ ಹೃದಯದವರೆಗೆ ತೂರಿಸಿ, ದ್ರವ ಬಿಟ್ಟು ಚಿತ್ರ ತೆಗೆಯುತ್ತಾರೆ, ಸಂಜೆಗೆ ಮನೆಗೆ ಹೋಗಬಹುದು. ತೊಡೆಸಂದಿಗಿಂತ ಮಣಿಕಟ್ಟಿನಲ್ಲಿ ರಕ್ತಸ್ರಾವ ಕಡಿಮೆ ಅನ್ನುವುದು ಟ್ರಯಲ್‌ಗಳಲ್ಲಿ ಸ್ಪಷ್ಟವಾಗಿದೆ. ಯಾವ ಕಡೆಯಿಂದ ಮಾಡುತ್ತೀರಿ ಅಂತ ಕೇಳಿ.

ಚಿತ್ರ ಇದರಲ್ಲಿ ಎಲ್ಲಕ್ಕಿಂತ ನಿಖರ, ಬೇಕಾದರೆ ಅಲ್ಲೇ ಸ್ಟೆಂಟ್ ಹಾಕಬಹುದು. ಬೆಲೆಯೂ ಇದೆ. ಸ್ಟ್ರೋಕ್, ರಕ್ತನಾಳಕ್ಕೆ ಗಾಯ, ಅಪರೂಪಕ್ಕೆ ಸಾವು. ಯುರೋಪಿನ ಡಿಸ್ಚಾರ್ಜ್ ಟ್ರಯಲ್ (2022) 3,561 ಜನರಲ್ಲಿ ಸಿಟಿಯನ್ನೂ ಇದನ್ನೂ ನೇರವಾಗಿ ಹೋಲಿಸಿತು. ಎದೆನೋವಿದ್ದು, ಸಂಭವ ಮಧ್ಯಮ ಇದ್ದವರು. ಮೂರೂವರೆ ವರ್ಷದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಎರಡೂ ಕಡೆ ಹೆಚ್ಚೇನೂ ಬೇರೆಯಿರಲಿಲ್ಲ: ಶೇ. 2.1 ಮತ್ತು 3.0. ಟೆಸ್ಟು, ಚಿಕಿತ್ಸೆಗಳಿಂದಲೇ ಆದ ದೊಡ್ಡ ತೊಂದರೆಗಳು ಸಿಟಿಯಿಂದ ಶುರು ಮಾಡಿದವರಲ್ಲಿ ಶೇ. 0.5, ಆ್ಯಂಜಿಯೋದಿಂದ ಶುರು ಮಾಡಿದವರಲ್ಲಿ ಶೇ. 1.9. ಇನ್ನೊಂದು ಅಂಕಿ ಹೇಳಿದರೆ ನೀವು ನಂಬಲಿಕ್ಕಿಲ್ಲ. ಅಮೆರಿಕದಲ್ಲಿ ತುರ್ತಿಲ್ಲದೆ ಆ್ಯಂಜಿಯೋಗ್ರಾಂ ಮಾಡಿಸಿಕೊಂಡ ಸುಮಾರು 4 ಲಕ್ಷ ಜನರ ದಾಖಲೆ ನೋಡಿದ 2010ರ ಅಧ್ಯಯನದಲ್ಲಿ ಲೆಕ್ಕಕ್ಕೆ ಬರುವಂಥ ಬ್ಲಾಕ್ ಸಿಕ್ಕಿದ್ದು ಶೇ. 38ರಷ್ಟು ಜನರಲ್ಲಿ ಮಾತ್ರ.

"ಬ್ಲಾಕ್ ಕಂಡರೆ ಸ್ಟೆಂಟ್ ಹಾಕಿಬಿಟ್ಟರೆ ಮುಗೀತಲ್ಲ" ಅನ್ನುವವರಿಗೆ ಇಸ್ಕೀಮಿಯಾ ಟ್ರಯಲ್ (2020) ಹೇಳಬೇಕು. 5,179 ಜನ, ಎಲ್ಲರಿಗೂ ಒತ್ತಡದ ಟೆಸ್ಟಿನಲ್ಲಿ ಮಧ್ಯಮದಿಂದ ಜೋರು ತೊಂದರೆ. ಅರ್ಧ ಜನರಿಗೆ ಆ್ಯಂಜಿಯೋ ಮತ್ತು ಬೇಕಾದರೆ ಸ್ಟೆಂಟ್ ಅಥವಾ ಬೈಪಾಸ್, ಅರ್ಧ ಜನರಿಗೆ ಮೊದಲು ಬರೀ ಒಳ್ಳೆಯ ಔಷಧಿ. ಮೂರು ವರ್ಷ ದಾಟಿದರೂ ಸಾವಿನಲ್ಲಾಗಲಿ, ಹಾರ್ಟ್ ಅಟ್ಯಾಕಿನಲ್ಲಾಗಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ನೋವು ಆಗಾಗ ಬರುತ್ತಿದ್ದವರಿಗೆ ಮಾತ್ರ ಸ್ಟೆಂಟಿನಿಂದ ಆರಾಮ ಜಾಸ್ತಿ ಸಿಕ್ಕಿತು. ಒಂದು ಎಚ್ಚರ: ಎಡ ಮುಖ್ಯ ರಕ್ತನಾಳದಲ್ಲೇ ದೊಡ್ಡ ಬ್ಲಾಕ್ ಇರುವವರನ್ನು, ಪಂಪಿಂಗ್ ಶೇ. 35ಕ್ಕಿಂತ ಕಮ್ಮಿ ಇರುವವರನ್ನು ಈ ಟ್ರಯಲ್‌ಗೆ ಸೇರಿಸಿಕೊಂಡಿರಲಿಲ್ಲ. ಅವರ ಲೆಕ್ಕ ಬೇರೆ. ಹಾರ್ಟ್ ಅಟ್ಯಾಕ್ ಆಗುತ್ತಿರುವವರ ಲೆಕ್ಕವಂತೂ ಪೂರ್ತಿ ಬೇರೆ, ಅಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ.

ಹಾಗಾಗಿ ಆ್ಯಂಜಿಯೋ ಯಾರಿಗೆ? ಮಾತ್ರೆ ತಗೊಂಡೂ ನೋವು ಬಿಡದವರಿಗೆ, ಬೇರೆ ಟೆಸ್ಟಿನಲ್ಲಿ ಅಪಾಯದ ಗುರುತು ಕಂಡವರಿಗೆ, ನೋವಿನ ಕಥೆಯೇ ಇದು ಹೃದಯದ್ದು ಅಂತ ಸಾರಿ ಹೇಳುತ್ತಿರುವವರಿಗೆ. ಮಾಡಿಸಿದಾಗ ನಡುವಿನ ಗಾತ್ರದ ಬ್ಲಾಕ್ ಕಂಡರೆ ಎಫ್‌ಎಫ್‌ಆರ್ ಮಾಡುತ್ತೀರಾ ಅಂತ ಕೇಳಿ. ತೆಳ್ಳನೆಯ ತಂತಿಯಿಂದ ಬ್ಲಾಕಿನ ಆಚೆ ಈಚೆ ರಕ್ತದ ಒತ್ತಡ ಅಳೆದು, ಆಚೆಯದನ್ನು ಈಚೆಯದರಿಂದ ಭಾಗಿಸುತ್ತಾರೆ. 0.80 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಮಾತ್ರ ಅದು ರಕ್ತ ತಡೆಯುತ್ತಿದೆ ಅಂತ ಅರ್ಥ. 1,005 ಜನರ ಫೇಮ್ ಟ್ರಯಲ್‌ನಲ್ಲಿ (2009) ಕಣ್ಣಂದಾಜಿನಲ್ಲಿ ಸ್ಟೆಂಟ್ ಹಾಕಿದವರಿಗೆ ಒಂದು ವರ್ಷದಲ್ಲಿ ಶೇ. 18.3ರಷ್ಟು ತೊಂದರೆ, ಅಳೆದು ಹಾಕಿದವರಿಗೆ ಶೇ. 13.2. ಅಳೆದವರಿಗೆ ಸ್ಟೆಂಟೂ ಕಡಿಮೆ ಬೇಕಾಯಿತು.

ಪೈಪು ಸ್ವಚ್ಛ, ನೋವು ಹಾಗೇ ಇದೆ ಅನ್ನುವವರೂ ಇದ್ದಾರೆ, ಅದರಲ್ಲೂ ಹೆಂಗಸರು ಜಾಸ್ತಿ. "ನಿಮಗೇನೂ ಇಲ್ಲಮ್ಮ, ಟೆನ್ಷನ್ ಅಷ್ಟೇ" ಅಂತ ಕಳಿಸಿಬಿಡುತ್ತಾರೆ. ಕೂದಲಿನಂಥ ಸಣ್ಣ ರಕ್ತನಾಳಗಳ ತೊಂದರೆ, ರಕ್ತನಾಳ ಮುದುರಿಕೊಳ್ಳುವ ತೊಂದರೆ ಮಾಮೂಲಿ ಆ್ಯಂಜಿಯೋದಲ್ಲಿ ಕಾಣುವುದಿಲ್ಲ. ಅದನ್ನು ಅಳೆಯುವ ವಿಧಾನಗಳಿವೆ. ಕಾರ್‌ಮಿಕಾ ಟ್ರಯಲ್ (2018) ಚಿಕ್ಕದು, 151 ಜನ. ಹಾಗೆ ಅಳೆದು, ಅದಕ್ಕೆ ತಕ್ಕ ಮಾತ್ರೆ ಕೊಟ್ಟಾಗ ನೋವು ಇಳಿಯಿತು ಅಂತ ತೋರಿಸಿತು.

ಬಡಿತ ತಪ್ಪುವವರಿಗೆ

ಎದೆ ಡವಡವ, ತಲೆ ತಿರುಗಿ ಬೀಳುವುದು ಇದ್ದರೆ ಮೇಲಿನದೆಲ್ಲ ಬದಿಗಿಡಿ, ನಿಮ್ಮದು ವೈರಿಂಗ್ ಪ್ರಶ್ನೆ. ಇಲ್ಲಿ ನೋಡಬೇಕಾದ್ದು ಒಂದೇ: ತೊಂದರೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ದಿನಾ ಬಂದರೆ 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ರೆಕಾರ್ಡರ್) ಸಾಕು. (ನಾರ್ಮನ್ ಹೋಲ್ಟರ್ ಮೊದಲು ಮಾಡಿದ್ದು ಬೆನ್ನಿಗೆ ಹೊರುವಂಥದ್ದು, ಸುಮಾರು 38 ಕೆಜಿ.) ತಿಂಗಳಿಗೊಮ್ಮೆ ಬರುವ ತೊಂದರೆಯನ್ನು ಒಂದೇ ದಿನದಲ್ಲಿ ಹಿಡಿಯುತ್ತೇವೆ ಅನ್ನುವುದು ಆಗದ ಮಾತು. ಕಾರಣ ಗೊತ್ತಾಗದ ಸ್ಟ್ರೋಕ್ ಆದ 572 ಜನರ ಎಂಬ್ರೇಸ್ ಟ್ರಯಲ್‌ನಲ್ಲಿ (2014) 30 ದಿನದ ರೆಕಾರ್ಡರ್ ಶೇ. 16.1 ಜನರಲ್ಲಿ ಏಟ್ರಿಯಲ್ ಫೈಬ್ರಿಲೇಶನ್ (ಬಡಿತದ ತಾಳ ತಪ್ಪುವ ಒಂದು ತೊಂದರೆ) ಹಿಡಿಯಿತು. ಇನ್ನೊಂದು 24 ಗಂಟೆಯ ಹೋಲ್ಟರ್ ಹಿಡಿದಿದ್ದು ಶೇ. 3.2.

ಕೈಗಡಿಯಾರ? ಪೂರ್ತಿ ನಂಬಬೇಡಿ, ಪೂರ್ತಿ ತಳ್ಳಿಹಾಕಬೇಡಿ. 4 ಲಕ್ಷಕ್ಕೂ ಹೆಚ್ಚು ಜನ ಸೇರಿದ ಆ್ಯಪಲ್ ಹಾರ್ಟ್ ಸ್ಟಡಿಯಲ್ಲಿ ಎಚ್ಚರಿಕೆ ಬಂದಿದ್ದು ಶೇ. 0.52 ಜನರಿಗೆ. ಅವರಲ್ಲಿ ಆಮೇಲೆ ಎದೆಗೆ ಪ್ಯಾಚ್ ಹಾಕಿ ನೋಡಿದವರಲ್ಲಿ ಶೇ. 34 ಜನರಿಗೆ ಆ ತೊಂದರೆ ಸಿಕ್ಕಿತು. ವಾಚ್ ಏನಾದರೂ ಹೇಳಿದರೆ ಆ ಗೆರೆಯನ್ನು ಉಳಿಸಿಕೊಂಡು ಡಾಕ್ಟರಿಗೆ ತೋರಿಸಿ.

ಹಾಗಾದರೆ ನೀವು?

ನಲವತ್ತರ ಆಸುಪಾಸು, ಚುಚ್ಚಿದಂಥ ನೋವು, ಒತ್ತಿದರೆ ಜಾಸ್ತಿ, ನಡೆದರೆ ಏನಿಲ್ಲ, ಬಿಪಿ ಶುಗರ್ ಇಲ್ಲ: ಡಾಕ್ಟರು ನೋಡಿ, ಇಸಿಜಿ ಮಾಡಿ ಏನೂ ಬೇಡ ಅಂದರೆ ಅದನ್ನು ಅಸಡ್ಡೆ ಅಂದುಕೊಳ್ಳಬೇಡಿ. ಟೆಸ್ಟ್ ಮಾಡದೆ ಬಿಡುವುದೂ ಒಂದು ತೀರ್ಮಾನವೇ.

ಐವತ್ತೈದು, ನಡೆದರೆ ಎದೆ ಬಿಗಿ, ಹಿಂದೆ ಹೃದಯದ ಕಾಯಿಲೆ ಇಲ್ಲ, ಕಿಡ್ನಿ ಸರಿ ಇದೆ: ಒಳ್ಳೆಯ ಮಿಷನ್ನು, ಪಳಗಿದವರು ಇದ್ದರೆ ನಾನಾದರೆ ಸಿಟಿ ಆ್ಯಂಜಿಯೋ ಆರಿಸುತ್ತೇನೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2016ರಿಂದ ಇಂಥವರಿಗೆ ಅದನ್ನೇ ಮೊದಲು ಅನ್ನುತ್ತದೆ. ಅಷ್ಟು ಖರ್ಚು ಆಗದು, ಅಥವಾ ಹತ್ತಿರದಲ್ಲಿ ಇಲ್ಲ ಅಂದರೆ ಟಿಎಂಟಿ ಕೆಟ್ಟದ್ದಲ್ಲ. ಚೆನ್ನಾಗಿ ಓಡಿ ನೆಗೆಟಿವ್ ಬಂದರೆ ಉಳಿದ ಹಣವನ್ನು ಮಾತ್ರೆಗೆ ಇಡಿ.

ಹಿಂದೆ ಸ್ಟೆಂಟ್ ಆಗಿ ಈಗ ಮತ್ತೆ ನೋವು ಅಂದರೆ ಸ್ಟ್ರೆಸ್ ಎಕೋ ಅಥವಾ ನ್ಯೂಕ್ಲಿಯರ್. ನೋವು ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದೆ, ಕೂತಾಗಲೂ ಬರುತ್ತಿದೆ ಅಂದರೆ ಯಾವ ಟೆಸ್ಟೂ ಬೇಡ, ಸೀದಾ ಆಸ್ಪತ್ರೆ. ನೋವಿಲ್ಲ, ಸುಮ್ನೆ ಒಂದು ಸಲ ನೋಡಿಸಿಬಿಡೋಣ ಅಂದರೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ, ಬೇಕಾದರೆ ಕ್ಯಾಲ್ಸಿಯಂ ಸ್ಕೋರ್. ಟಿಎಂಟಿ ಬೇಡ, ನಮ್ಮ ಚಿಕ್ಕಪ್ಪನನ್ನು ನೆನೆಸಿಕೊಳ್ಳಿ.

ಯಾವ ಟೆಸ್ಟಿಗೆ ಹೋದರೂ ಎರಡು ಕಾಗದ ಜೊತೆಗಿರಲಿ: ತಗೊಳ್ಳುವ ಮಾತ್ರೆಗಳ ಪಟ್ಟಿ, ಮತ್ತು ಹಳೆಯ ಇಸಿಜಿ, ಎಷ್ಟೇ ವರ್ಷದ್ದಾಗಿರಲಿ. ಇವತ್ತಿನ ಇಸಿಜಿಯಲ್ಲಿ ವಿಚಿತ್ರವಾಗಿ ಕಾಣುವ ಗೆರೆ ಎಂಟು ವರ್ಷದ ಹಿಂದೆಯೂ ಹಾಗೇ ಇತ್ತು ಅಂತ ತೋರಿಸುವ ಒಂದು ಮಾಸಿದ ಹಾಳೆ ಎಷ್ಟೋ ಸಲ ಮುಂದಿನ ದುಬಾರಿ ಟೆಸ್ಟನ್ನೇ ತಪ್ಪಿಸುತ್ತದೆ. ಆ ಕಾಗದಕ್ಕೆ ಬಿಸಿಲು ಬಿದ್ದರೆ ಗೆರೆ ಮಾಸಿಹೋಗುತ್ತದೆ. ಇವತ್ತೇ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.